ಸಾಣೆಯಂಗಡಿಯ ಹಳೇ ಕೆಸರು

ನಮ್ಮ ಬೀದಿಯಲ್ಲಿ ಅಡುಗೆಮನೆಯ ಚಾಕುವಿಗೆ ಸಾಣೆ ಹಿಡಿಸಲು ಒಂದು ಲೋಟ ಚಹಾದ ದುಡ್ಡು ಸಾಕು. ದರ್ಜಿಯ ಕತ್ತರಿಗೆ ಎರಡು ಲೋಟದ್ದು, ಏಕೆಂದರೆ ಅದಕ್ಕೆ ಎರಡು ಅಲಗು. ಕ್ಷೌರದ ಕತ್ತಿಗೆ ಮೂರು. ಅಲಗು ಸಣ್ಣದು, ಆದರೆ ಕಣ್ಣು ಹೆಚ್ಚು ಬೇಕು. ಮಾಂಸದಂಗಡಿಯ ಮಚ್ಚಿಗೆ ಒಂದು ಹೊತ್ತಿನ ಊಟದ ದುಡ್ಡು. ಸಾಣೆ ಹಿಡಿಯುವವನು ಕೈ ಕೊಯ್ದುಕೊಂಡರೆ ಅದರ ಮದ್ದಿಗೆ ಮಾತ್ರ ದುಡ್ಡಿಲ್ಲ. ಅದು ಪ್ರತಿ ಅಂಗಡಿಯಲ್ಲೂ ಕಲ್ಲಿನ ಕೆಳಗೇ ಇರುತ್ತದೆ, ಪುಕ್ಕಟೆ. ಆ ಪುಕ್ಕಟೆ ಮದ್ದಿಗೆ ನನ್ನ ಅಕ್ಕನ ಮನೆಯವರು ಏನು ತೆತ್ತರೆಂಬುದನ್ನು ಇಲ್ಲಿ ಹೇಳುತ್ತೇನೆ.

ಬೀದಿಯಲ್ಲಿ ಸಾಣೆಯಂಗಡಿಗಳು ಆರು. ಎಲ್ಲವೂ ಒಂದೇ ಅಚ್ಚಿನವು: ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಅಂಗಡಿಯಲ್ಲಿ ಎಮ್ಮೆಯ ಮುಖದಷ್ಟು ಅಗಲದ ದುಂಡುಕಲ್ಲು, ಅದನ್ನು ತಿರುಗಿಸುವ ಮೋಟಾರು, ಕಲ್ಲಿನ ಕೆಳಗೆ ನೀರಿನ ತೊಟ್ಟಿ. ಕಲ್ಲು ಅರ್ಧ ನೀರಿನಲ್ಲಿ ಮುಳುಗಿಯೇ ತಿರುಗಬೇಕು, ಇಲ್ಲದಿದ್ದರೆ ಅಲಗು ಕಾದು ನೀಲಿಯಾಗುತ್ತದೆ. ಕಲ್ಲಿನ ಪುಡಿ, ಕಬ್ಬಿಣದ ಪುಡಿ ಎರಡೂ ಸೇರಿ ತೊಟ್ಟಿಯ ತಳದಲ್ಲಿ ಬೂದು ಬಣ್ಣದ ಕೆಸರು ಕಟ್ಟುತ್ತದೆ. ಬೆಣ್ಣೆಯಷ್ಟು ನುಣುಪು. ಕೈ ಕೊಯ್ದರೆ ಆ ಕೆಸರನ್ನು ಗಾಯದೊಳಗೆ ತುಂಬಿ ಬಟ್ಟೆ ಕಟ್ಟುವುದು ನಮ್ಮವರ ಪದ್ಧತಿ. ಮೂರು ದಿನ ಬಿಚ್ಚುವಂತಿಲ್ಲ, ನೀರು ಸೋಕಿಸುವಂತಿಲ್ಲ, ಗಿರಾಕಿಗಳ ಕಣ್ಣಿಗೆ ಬೀಳಿಸುವಂತಿಲ್ಲ. ಗಾಯ ತೊಳೆದುಕೊಂಡವನಿಗೆ, ಡಾಕ್ಟರ ಹತ್ತಿರ ಓಡಿದವನಿಗೆ ಬೀದಿಯಲ್ಲಿ ಒಂದು ಹೆಸರಿದೆ: ಹಾಲುಗೈ, ಹಾಲು ಕುಡಿಯುವ ಮಗುವಿನ ಕೈ. ಆ ಹೆಸರು ಒಮ್ಮೆ ಅಂಟಿದರೆ ಸಾಯುವವರೆಗೆ ಬಿಡುವುದಿಲ್ಲ.

ಕೆಸರು ಹಳೆಯದಾದಷ್ಟೂ ಒಳ್ಳೆಯದೆಂದು ಲೆಕ್ಕ. ಆದ್ದರಿಂದ ತೊಟ್ಟಿಯನ್ನು ಯಾರೂ ಪೂರ್ತಿ ಖಾಲಿ ಮಾಡುವುದಿಲ್ಲ. ನನ್ನ ಭಾವನ ಅಂಗಡಿಯಲ್ಲಂತೂ ಅವರ ತಾತನ ಕಾಲದಿಂದ ಕೂಡಿಟ್ಟ ಕೆಸರಿನ ಮಡಕೆಯೇ ಇತ್ತು. ಹೊಸದಾಗಿ ಅಂಗಡಿ ಇಟ್ಟವರು ಬಂದು ಒಂದು ಸೌಟು ಬೇಡಿ ಒಯ್ಯುತ್ತಿದ್ದರು. ಭಾವ ಅದನ್ನು ಕೊಡುವಾಗ ಅವರ ಮುಖ ನೋಡಬೇಕಿತ್ತು. ಮಗಳನ್ನು ಒಳ್ಳೆ ಮನೆಗೆ ಕೊಟ್ಟ ಹಾಗೆ. ಬೀದಿಗೆಲ್ಲ ಅವರು ಸಾಣೆಯಜ್ಜ. ಆ ಮಡಕೆಯೇ ಅವರ ದೊಡ್ಡಸ್ತಿಕೆ.

ಅಕ್ಕ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಮೂವರು: ಸಾಣೆಯಜ್ಜ, ಅವರ ಮಗ, ಸೊಸೆ. ಮಗನ ಕಾಲು ಬಲು ಉದ್ದ, ನಡೆದರೆ ಕತ್ತರಿ ತೆರೆದು ಮುಚ್ಚಿದಂತೆ. ಹಾಗಾಗಿ ಅವನಿಗೆ ಕತ್ತರಿ ಎಂದೇ ಹೆಸರು. ಕ್ಷೌರದ ಕತ್ತಿಗೆ ಸಾಣೆ ಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬಲಗೈಯ ತೋರುಬೆರಳು, ನಡುಬೆರಳು ಎರಡನ್ನೇ ಅಲಗಿನ ಮೇಲಿಟ್ಟು ಒತ್ತುತ್ತಿದ್ದ, ಮಗುವಿನ ಕೆನ್ನೆ ಸವರಿದಷ್ಟು ಹಗುರ. ಸೊಸೆ ಮೆರುಗು ಕೊಡುವ ಚಕ್ರದ ಮುಂದೆ ಕೂರುತ್ತಿದ್ದಳು. ಮಾತು ಕಡಿಮೆ, ಕಿವಿ ಚುರುಕು.

ನಾನು ಎದುರುಗಡೆಯ ಒಂದೇ ಕೋಣೆಯ ಮನೆಯಲ್ಲಿದ್ದೇನೆ. ನನ್ನ ಗಂಡ ತೀರಿಕೊಂಡ ವರ್ಷ ಆ ಕೋಣೆ ಹುಡುಕಿಕೊಟ್ಟು, ಬಾಗಿಲಿಗೆ ಬೀಗ ತಂದುಕೊಟ್ಟವರು ಭಾವನೇ. ನನ್ನದು ದೊಡ್ಡಾಸ್ಪತ್ರೆಯಲ್ಲಿ ಆಯಾ ಕೆಲಸ. ಇಪ್ಪತ್ತೆರಡು ವರ್ಷದಿಂದ ಹಾಸಿಗೆ ಬದಲಿಸುತ್ತ, ನೆಲ ಒರೆಸುತ್ತ ಬಂದವಳು. ಓದಿದವಳಲ್ಲ. ಆದರೆ ಯಾವ ಹಾಸಿಗೆಯವರು ಮನೆಗೆ ಹೋಗುತ್ತಾರೆ, ಯಾವ ಹಾಸಿಗೆಯವರು ಹೋಗುವುದಿಲ್ಲ ಎಂಬುದು ಇಷ್ಟು ವರ್ಷ ನೋಡಿದರೆ ಯಾರಿಗಾದರೂ ಸ್ವಲ್ಪ ತಿಳಿಯುತ್ತದೆ.

ಒಂದು ಸೋಮವಾರ ಮಾಂಸದಂಗಡಿಯ ಮಚ್ಚು ಕಲ್ಲಿನ ಮೇಲೆ ಜಾರಿ ಕತ್ತರಿಯ ಬಲಗೈಯ ತೋರುಬೆರಳಿನ ಬುಡ ಕೊಯ್ದಿತು. ದೊಡ್ಡ ಗಾಯವಲ್ಲ. ಸಾಣೆಯಜ್ಜ ಮಡಕೆಯಿಂದ ಬೆರಳ ತುದಿಯಷ್ಟು ಕೆಸರು ತೆಗೆದು ತುಂಬಿದರು, ಹಳೆಯ ಬನಿಯನ್ನಿನ ಚೂರು ಕಟ್ಟಿದರು. ಅವನು ಅದೇ ಕೈಯಲ್ಲಿ ಇನ್ನೂ ನಾಲ್ಕು ಮಚ್ಚು ಮುಗಿಸಿದ.

ಬುಧವಾರ ಬೆಳಿಗ್ಗೆ ನಾನು ಎರಡು ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದೆ. ಸೊಸೆ ಬಾಗಿಲಲ್ಲಿ ನಿಂತಿದ್ದಳು.

"ಚಿಕ್ಕತ್ತೆ, ಒಂದ್ಸಲ ಬಂದು ನೋಡ್ತೀರಾ? ಇವರಿಗೆ ಜ್ವರ. ಕೈ ಮುಟ್ಟಿದ್ರೆ ಒಲೆ ಮುಟ್ಟಿದ ಹಾಗಿದೆ."

"ಮಾವನಿಗೆ ಹೇಳಿದ್ಯಾ?"

"ಹೇಳ್ದೆ. ಮೂರು ದಿನ ತುಂಬಲಿ ಅಂದ್ರು."

ಹೋಗಿ ನೋಡಿದೆ. ಕೈ ಊದಿ ಹೊಳೆಯುತ್ತಿತ್ತು. ಕೆಂಪು ಮಣಿಕಟ್ಟು ದಾಟಿ ಮೇಲಕ್ಕೆ ಏರಿತ್ತು. ಆಸ್ಪತ್ರೆಯಲ್ಲಿ ಡಾಕ್ಟರುಗಳು ಹೀಗಾದಾಗ ಏನು ಮಾಡುತ್ತಾರೆಂದು ನೂರು ಸಲ ನೋಡಿದ್ದೆ. ಅಂಗಡಿಯ ರಸೀದಿ ಬರೆಯುವ ಪೆನ್ನು ತೆಗೆದುಕೊಂಡು, ಕೆಂಪು ಎಲ್ಲಿ ಮುಗಿಯುತ್ತದೋ ಅಲ್ಲಿ ಚರ್ಮದ ಮೇಲೆ ಸುತ್ತಲೂ ಗೆರೆ ಎಳೆದೆ.

"ಏನದು ಚಿತ್ತಾರ?" ಎಂದರು ಭಾವ, ಬಾಗಿಲಲ್ಲಿ ನಿಂತು.

"ಮಧ್ಯಾಹ್ನದೊಳಗೆ ಕೆಂಪು ಈ ಗೆರೆ ದಾಟಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು ಭಾವ."

"ಓಹೋ. ಗೆರೆ ಎಳೆಯೋದು ನೀನೇ, ದಾಟ್ತು ಅನ್ನೋದೂ ನೀನೇ. ನೆಲ ಒರೆಸ್ತಾ ಒರೆಸ್ತಾ ಡಾಕ್ಟರಾಗ್ಬಿಟ್ಯಲ್ಲಮ್ಮ!"

"ನಗಬೇಡಿ ಭಾವ. ಗಾಯ ತೊಳೀಬೇಕಿತ್ತು."

"ನೋಡಿಲ್ಲಿ." ಅವರು ಎರಡೂ ಕೈ ಚಾಚಿದರು. "ಹನ್ನೊಂದು ಗಾಯ. ಎಣಿಸ್ಕೋ. ಒಂದಕ್ಕಾದ್ರೂ ಡಾಕ್ಟರ ಮುಖ ನೋಡಿದ್ದೀನಾ? ಎಲ್ಲಾ ಆ ಮಡಕೆಯಿಂದಲೇ ವಾಸಿ."

"ಬೆಳಿಗ್ಗೆ ಮೀನಿನ ಕತ್ತಿ ತೊಳೆಯೋದು ಅದೇ ನೀರಲ್ಲಿ. ಮಧ್ಯಾಹ್ನ ಮಾಂಸದ ಮಚ್ಚು. ಸಂಜೆ ಯಾರ್ಯಾರದೋ ಗಡ್ಡ ಕೆರೆದ ಕತ್ತಿ. ಆ ತೊಟ್ಟಿ ನೀರಲ್ಲಿ ಮುಖ ತೊಳ್ಕೊಳ್ತೀರಾ ನೀವು?"

"ಮುಖ ತೊಳೆಯೋಕೆ ನಲ್ಲಿ ಇದೆಯಲ್ಲ."

"ಮುಖಕ್ಕೆ ನಲ್ಲಿ ನೀರು, ಬಾಯಿ ಬಿಟ್ಟ ಗಾಯಕ್ಕೆ ತೊಟ್ಟಿ ನೀರಾ?"

ಅವರಿಗೆ ಸಿಟ್ಟು ಬಂತು. "ನಿನ್ನ ಅಕ್ಕ ಮೂವತ್ತು ವರ್ಷ ಈ ಮನೇಲಿದ್ಲು, ಒಂದು ದಿನ ಹೀಗೆ ಎದುರಾಡಲಿಲ್ಲ" ಎಂದು ಅಂಗಡಿಗೆ ಹೋಗಿ ಮೋಟಾರು ಹಾಕಿದರು. ಆ ಸದ್ದು ಬಂದರೆ ಆ ಮನೆಯಲ್ಲಿ ಮಾತು ಮುಗಿಯಿತೆಂದೇ ಅರ್ಥ.

ಕತ್ತರಿ ಗೋಡೆಗೆ ಒರಗಿ ಹಲ್ಲು ಕಟಕಟಿಸುತ್ತಿದ್ದ. "ಬಿಡು ಚಿಕ್ಕಮ್ಮ, ಅಪ್ಪ ಹೇಳಿದ ಮೇಲೆ ಆಯ್ತು" ಎಂದ. "ಆಸ್ಪತ್ರೆಗೆ ಹೋದೆ ಅಂದ್ರೆ ನಾಳೆ ಬೀದೀಲಿ ಎಲ್ಲಾ ನನಗೆ ಹಾಲಿನ ಬಾಟಲಿ ತಂದುಕೊಡ್ತಾರೆ."

ಹನ್ನೊಂದೂವರೆಗೆ ಕೆಂಪು ಆ ಗೆರೆ ದಾಟಿತು. ಬರೀ ದಾಟಲಿಲ್ಲ, ಎರಡು ಬೆರಳಗಲ ಮುಂದೆ ಹೋಗಿತ್ತು. ಮೊಣಕೈ ಕಡೆಗೆ ಒಂದು ತೆಳು ಕೆಂಪು ದಾರ ಓಡಿತ್ತು. ಸೊಸೆ ಅದನ್ನು ನೋಡಿದವಳೇ ಚಕ್ರದ ಮುಂದಿನ ಸ್ಟೂಲಿನ ಮೇಲಿದ್ದ ತನ್ನ ಚೀಲ ತೆಗೆದುಕೊಂಡಳು. ಇಬ್ಬರೂ ಸೇರಿ ಅವನನ್ನು ಬಾಡಿಗೆ ಗಾಡಿಯಲ್ಲಿ ಕೂರಿಸಿದೆವು. ಭಾವ ಕಲ್ಲಿನಿಂದ ತಲೆ ಎತ್ತಲಿಲ್ಲ.

ಆಸ್ಪತ್ರೆಯಲ್ಲಿದ್ದವಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕೈ ನೋಡಿದಳು, ನನ್ನ ಪೆನ್ನಿನ ಗೆರೆ ನೋಡಿದಳು, "ಇದು ಯಾರು ಎಳೆದದ್ದು?" ಎಂದಳು. ನಾನು ತಲೆ ಬಗ್ಗಿಸಿದೆ. "ಒಳ್ಳೆ ಕೆಲಸ ಮಾಡಿದ್ರಿ" ಎಂದಳು. ಆಮೇಲೆ ಕತ್ತರಿಯ ಕಡೆ ತಿರುಗಿ, "ಗಾಯಕ್ಕೆ ಏನು ಹಚ್ಚಿದ್ರಿ?"

ಅವನು ಚಾವಣಿ ನೋಡಿದ. ಸೊಸೆ ನೆಲ ನೋಡಿದಳು. ಹೊರಗಿನವರಿಗೆ ಹೇಳಬಾರದೆಂಬುದೂ ಆ ಪದ್ಧತಿಯ ಒಂದು ಭಾಗವೇ. ನಾನೇ ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ. ಗಾಯ ಬಿಡಿಸಿ ನೀರು ಹಾಯಿಸಿದಳು. ಬೋಗುಣಿಯ ನೀರು ಬೂದು ಬಣ್ಣಕ್ಕೆ ತಿರುಗಿತು, ಮತ್ತೆ ಹಾಯಿಸಿದಳು, ಮತ್ತೆ ಬೂದು. ಏಳನೆಯ ಬೋಗುಣಿಗೆ ಮೊದಲ ಬಾರಿ ರಕ್ತದ ಬಣ್ಣ ಕಂಡಿತು.

"ಕ್ರಿಮಿ ಚರ್ಮದ ಕೆಳಗೆ ಹಬ್ತಾ ಇದೆ" ಎಂದು ಅವಳು ಸೊಸೆಗೆ ಬಿಡಿಸಿ ಹೇಳಿದಳು. "ಮಾತ್ರೆ ನುಂಗಿದ್ರೆ ಹೊಟ್ಟೆಗೆ ಹೋಗಿ, ಕರಗಿ, ರಕ್ತ ಸೇರ್ಬೇಕು. ಅಷ್ಟು ಕಾಯೋ ಹಾಗಿಲ್ಲ. ಜ್ವರ ನಡುಕ ಬೇರೆ ಬಂದಿದೆ. ಅದಕ್ಕೇ ಆಂಟಿಬಯಾಟಿಕ್ ನೇರ ರಕ್ತನಾಳಕ್ಕೆ ಕೊಡ್ತೀವಿ. ಎಂಟು ಗಂಟೆಗೊಂದು ಸಲ. ಗಡಿಯಾರ ನೋಡ್ಕೊಂಡು, ಒಂದೂ ತಪ್ಪಬಾರದು."

"ಬಾಟಲಿ ಏರಿಸಿದ್ರೆ..." ಎಂದಳು ಸೊಸೆ. "ಬಾಟಲಿ ಏರಿಸೋದು ಕೊನೇ ಹೊತ್ತಲ್ಲಿ ಅಂತಾರಲ್ಲ, ಡಾಕ್ಟರಮ್ಮ?"

"ತಡವಾಗಿ ಬರೋರಿಗೆ ತಡವಾಗೇ ಏರಿಸ್ಬೇಕಾಗುತ್ತೆ. ಅದು ಬಾಟಲಿಯ ತಪ್ಪಲ್ಲಮ್ಮ."

ಎಡಗೈಗೆ ಸೂಜಿ ಹಾಕಿ ಪಟ್ಟಿ ಅಂಟಿಸಿದರು. ಕಂಬಿಯ ಮೇಲೆ ಬಾಟಲಿ ತೂಗಿತು. ಸೊಸೆ ಸ್ಟೂಲು ಎಳೆದುಕೊಂಡು ಹನಿ ಬೀಳುವುದನ್ನೇ ನೋಡುತ್ತ ಕೂತಳು, ಒಂದೊಂದು ಹನಿಗೂ ತಾನೇ ಹೊಣೆ ಎನ್ನುವ ಹಾಗೆ. ಒಂದು ದಿನ ಏನೂ ಬದಲಾಗಲಿಲ್ಲ. ಎರಡನೆಯ ದಿನ ಜ್ವರ ಇಳಿಯಿತು. ಮೂರನೆಯ ದಿನ ಕೆಂಪು ನಾನೆಳೆದ ಗೆರೆಯಿಂದ ಹಿಂದಕ್ಕೆ ಬಂದಿತ್ತು. ಚರ್ಮ ಸುಕ್ಕುಗಟ್ಟಿ, ಊತ ಕಡಿಮೆಯಾಗಿ, ಬೆರಳು ಮಡಚಲು ಬಂತು. ಕತ್ತರಿ ಬ್ರೆಡ್ಡು ಬೇಕೆಂದು ಕೇಳಿ ತಿಂದ. "ಇನ್ನೂ ಮೂರು ದಿನ ನಾಳಕ್ಕೆ ಕೊಡ್ಬೇಕು, ಆಮೇಲೆ ಒಂದು ವಾರ ಮಾತ್ರೆ" ಎಂದಳು ಡಾಕ್ಟರಮ್ಮ. "ಹೊರಗೆ ಆರಿದ ಹಾಗೆ ಕಾಣುತ್ತೆ. ಒಳಗೆ ಇನ್ನೂ ಕೆಂಡ ಇದೆ. ಈಗ ಬಿಟ್ರೆ ಮತ್ತೆ ಹತ್ಕೊಳ್ಳುತ್ತೆ. ಮುಂದಿನ ಸಲ ಕೈ ಉಳಿಯುತ್ತೆ ಅಂತ ನಾನು ಹೇಳಲ್ಲ."

ನಾಲ್ಕನೆಯ ದಿನ ಸಾಣೆಯಜ್ಜ ಬಂದರು. ಜೊತೆಗೆ ಪಕ್ಕದಂಗಡಿಯ ಮೀಸೆ ಮಾವ. ಬೀದಿಯ ಎಲ್ಲರನ್ನೂ ಅಣಕಿಸುವುದನ್ನು ತನ್ನ ಪಾಲಿನ ಕೆಲಸ ಎಂದುಕೊಂಡಿರುವ ಮನುಷ್ಯ.

"ಏನೋ ಕತ್ತರಿ, ಇಲ್ಲಿ ಸಾಣೆ ಹಿಡಿಸ್ಕೊಳ್ತಾ ಮಲಗಿದ್ಯಾ?" ಎಂದ ಮೀಸೆ ಮಾವ, ಇಡೀ ವಾರ್ಡಿಗೆ ಕೇಳುವ ಹಾಗೆ. "ಇಷ್ಟುದ್ದ ಕಾಲಿಗೆ ಈ ಮಂಚ ಸಾಕಾಗುತ್ತೇನೋ? ಹಾಲು ಕುಡಿಸ್ತಾರಾ, ಇಲ್ಲ ಅದೂ ಕೊಳವೇಲೇನಾ?"

ಪಕ್ಕದ ಮಂಚದವರು ನಕ್ಕರು. ಕತ್ತರಿಯೂ ನಕ್ಕ, ಆದರೆ ಕಿವಿ ಕೆಂಪಾಗಿತ್ತು.

ಭಾವ ಮಗನ ಕೈ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದರು. ಮುಖ ಅರಳಿತು. "ಕಂಡ್ಯಾ! ಎರಡು ದಿನ ಒಳಗಿದ್ದ ಕೆಸರು ಕೆಲಸ ಮಾಡಿದೆ, ಹೆಸರು ಮಾತ್ರ ಬಾಟಲಿಗೆ. ಏಳು. ಮನೆಗೆ ಹೋಗೋಣ. ಒಂದು ವಾರ ನೀರು ತುಂಬಿಸಿದ್ರೆ ರಕ್ತ ತೆಳ್ಳಗಾಗಿ ಕೈ ನಡುಗುತ್ತೆ. ಆಮೇಲೆ ಕ್ಷೌರದ ಕತ್ತಿ ಯಾರು ಹಿಡೀತಾರೆ?"

"ಡಾಕ್ಟರಮ್ಮ ಇನ್ನೂ ಮೂರು ದಿನ ಅಂದಿದ್ದಾರೆ, ಮಾವ" ಎಂದಳು ಸೊಸೆ.

"ಅವರು ಹಾಗನ್ನದೆ ಇನ್ನೇನಂತಾರೆ? ನಾವು ಯಾವತ್ತಾದ್ರೂ ಗಿರಾಕಿಗೆ, ನಿನ್ನ ಚಾಕು ಚೂಪಾಗೇ ಇದೆ ಹೋಗು ಅಂತೀವಾ?"

ಮೀಸೆ ಮಾವ ತೊಡೆ ತಟ್ಟಿಕೊಂಡು ನಕ್ಕ. ಸೊಸೆ ನನ್ನ ಕಡೆ ನೋಡಿದಳು. ಆ ನೋಟ ಇನ್ನೂ ನನ್ನ ಬೆನ್ನ ಹಿಂದೆ ನಿಂತಿದೆ. ನಾನು ಒಂದು ಮಾತು ಆಡಿದ್ದರೆ ಅವಳಿಗೆ ಬಲ ಬರುತ್ತಿತ್ತು. ಆದರೆ ಗಂಡನಿಲ್ಲದ ನನಗೆ ಬಾಗಿಲು, ಬೀಗ ಕೊಡಿಸಿದ ಮನುಷ್ಯ ಎದುರಿಗಿದ್ದರು. ವಾರ್ಡಿನವರೆಲ್ಲ ನೋಡುತ್ತಿದ್ದರು. ಒಮ್ಮೆ ಮನೆಯಲ್ಲಿ ಎದುರಾಡಿದ್ದೇನೆ, ಮತ್ತೊಮ್ಮೆ ಹತ್ತು ಜನರ ಮುಂದೆ ಬೇಡ ಎನಿಸಿತು. ಕೈ ನೋಡಿದರೆ ವಾಸಿಯಾದಂತೆಯೇ ಇತ್ತು. ಸುಮ್ಮನಿದ್ದೆ. ಡಾಕ್ಟರಮ್ಮ ಎಷ್ಟು ಹೇಳಿದರೂ ಕೇಳದೆ ಕತ್ತರಿ ತಾನಾಗಿ ಹೋಗುತ್ತಿದ್ದೇನೆಂದು ಬರೆದ ಕಾಗದಕ್ಕೆ ಎಡಗೈಯಲ್ಲಿ ಸಹಿ ಹಾಕಿದ. ಅವನ ಚೀಲವನ್ನು ಗೇಟಿನವರೆಗೆ ಹೊತ್ತು ತಂದವಳು ನಾನೇ.

ಡಾಕ್ಟರಮ್ಮ ಓಡಿ ಬಂದು ಮಾತ್ರೆಯ ಚೀಟಿಯನ್ನು ಸೊಸೆಯ ಕೈಗೆ ತುರುಕಿದಳು. "ಇದನ್ನಾದ್ರೂ ಬಿಡದೆ ನುಂಗಿಸಿ." ಮನೆಗೆ ಹೋದ ಮೇಲೆ ಭಾವ ಆ ಚೀಟಿಯನ್ನು ರಸೀದಿಗಳ ಮೊಳೆಗೆ ಚುಚ್ಚಿದರು. ಎರಡು ಮದ್ದು ಒಂದೇ ಮೈಯಲ್ಲಿ ಜಗಳವಾಡುತ್ತವಂತೆ. ಗಾಯದ ಬಾಯಿಗೆ ಮತ್ತೆ ಮಡಕೆಯ ಕೆಸರು ಹಚ್ಚಿದರು.

ಆ ವಾರ ನನಗೆ ಹಗಲು ಪಾಳಿ. ಸಂಜೆ ಹೋಗಿ ಕೇಳಿದರೆ, "ಚೆನ್ನಾಗಿದ್ದಾನೆ, ಮಲಗಿದ್ದಾನೆ" ಎನ್ನುತ್ತಿದ್ದರು ಭಾವ. ನಾನೂ ಒಳಗೆ ಹೋಗಿ ಬಟ್ಟೆ ಬಿಚ್ಚಿ ನೋಡಲಿಲ್ಲ. ನೋಡಿದರೆ ಮತ್ತೆ ಮಾತಾಡಬೇಕಾಗುತ್ತಿತ್ತಲ್ಲ.

ನಾಲ್ಕು ದಿನ ಹೀಗೆ ಹೋಯಿತು. ಐದನೆಯ ಬೆಳಿಗ್ಗೆ ನಾನು ವಾರ್ಡಿನಲ್ಲಿ ಬಕೆಟ್ಟು ತುಂಬುತ್ತಿದ್ದಾಗ ಬಾಗಿಲಲ್ಲಿ ಗಾಲಿಮಂಚದ ಸದ್ದು ಕೇಳಿತು. ಅದರ ಮೇಲೆ ಕತ್ತರಿ. ಉದ್ದ ಕಾಲು ಮಂಚದಾಚೆ ಜೋತುಬಿದ್ದಿತ್ತು. ಪಕ್ಕದಲ್ಲಿ ಸೊಸೆ, ಕಾಲಿಗೆ ಚಪ್ಪಲಿಯಿಲ್ಲ. ಅವಳು ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ಮಾವ ಚಹಾದಂಗಡಿಗೆ ಹೋಗಿದ್ದಾಗ ಗಾಡಿ ಕರೆಸಿ ಕರೆತಂದಿದ್ದಳು. ಕತ್ತರಿ ಯಾವುದೋ ಮಚ್ಚಿನ ಗಿರಾಕಿಯ ಜೊತೆ ಮಾತಾಡುತ್ತಿದ್ದ. ಅಲ್ಲಿ ಗಿರಾಕಿ ಇರಲಿಲ್ಲ. ಬಟ್ಟೆ ಬಿಚ್ಚಿದಾಗ ಬಂದ ವಾಸನೆಗೆ ಇಪ್ಪತ್ತೆರಡು ವರ್ಷದ ಆಯಾ ಆದ ನಾನೂ ಮುಖ ತಿರುಗಿಸಿದೆ. ತೋರುಬೆರಳು, ನಡುಬೆರಳು ಎರಡೂ ಇದ್ದಿಲಿನ ಬಣ್ಣಕ್ಕೆ ತಿರುಗಿದ್ದವು.

ಅದೇ ಮಧ್ಯಾಹ್ನ ಆಪರೇಷನ್ ಮಾಡಿ ಎರಡೂ ಬೆರಳು ತೆಗೆದರು. ಅಂಗೈಯಿಂದ ಮೊಣಕೈವರೆಗೆ ಸೀಳಿ, ಸತ್ತ ಮಾಂಸವನ್ನೆಲ್ಲ ಕೆರೆದರು. ಈ ಸಲ ಒಂದಲ್ಲ, ಎರಡು ಬಗೆಯ ಆಂಟಿಬಯಾಟಿಕ್ ನಾಳಕ್ಕೆ, ಹದಿನಾಲ್ಕು ದಿನ. "ಇದು ನಡುವೆ ನಿಂತ್ರೆ ಮೊಣಕೈವರೆಗೆ ಕೈ ಹೋಗುತ್ತೆ. ಅದೂ ನಾವು ಸಮಯಕ್ಕೆ ಕತ್ತರಿಸಿದ್ರೆ. ಇಲ್ಲದಿದ್ರೆ ಮನುಷ್ಯ ಹೋಗ್ತಾರೆ" ಎಂದಳು ಡಾಕ್ಟರಮ್ಮ. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು.

ಸಾಣೆಯಜ್ಜ ಆರು ದಿನ ಬರಲಿಲ್ಲ. ಬೀದಿಯಲ್ಲಿ ಕತೆ ಬೇರೆಯೇ ಹಬ್ಬಿತ್ತು: ಮೊದಲ ಸಲ ಚುಚ್ಚಿದ ಸೂಜಿಯಿಂದಲೇ ವಿಷ ಏರಿತಂತೆ, ಆಸ್ಪತ್ರೆಯವರು ಬೆರಳು ಕತ್ತರಿಸಿ ಪಾಠ ಕಲಿತುಕೊಳ್ಳುತ್ತಾರಂತೆ. ಮೀಸೆ ಮಾವನ ಬಾಯಿಂದ ಹೊರಟದ್ದು ಸಂಜೆಯೊಳಗೆ ಆರೂ ಅಂಗಡಿ ಸುತ್ತಿತ್ತು. ಏಳನೆಯ ದಿನ ಭಾವ ಅದೇ ಮಾತನ್ನು ಬಾಯಲ್ಲಿಟ್ಟುಕೊಂಡು ವಾರ್ಡಿಗೆ ಬಂದರು. ಮುಖ ಬಾಡಿತ್ತು, ದನಿ ಮಾತ್ರ ಜೋರಾಗಿಯೇ ಇತ್ತು.

"ಸಾಕು. ಎರಡು ಬೆರಳು ತಿಂದ್ರು, ಇನ್ನು ಕೈ ತಿನ್ನೋಕೆ ಕಾಯ್ತಿದ್ದಾರೆ. ಜ್ವರ ಬಿಟ್ಟಿದೆಯಲ್ಲ? ಏಳೋ. ಸಾಯೋದಾದ್ರೆ ಮನೇಲಿ ಸಾಯಿ."

ಕತ್ತರಿ ಏಳಲು ನೋಡಿದ. ಅಪ್ಪನ ಮಾತಿಗೆ ಮೈ ತಾನಾಗಿಯೇ ಏಳುತ್ತಿತ್ತು. ಸೊಸೆ ಅವನ ಎದೆಯ ಮೇಲೆ ಕೈಯಿಟ್ಟು ಮಲಗಿಸಿದಳು. ಆಮೇಲೆ ಮಂಚದ ಮುಂದೆ ಬಂದು ನಿಂತಳು.

"ಇವರು ಬರಲ್ಲ, ಮಾವ."

"ನಿನ್ನನ್ನ ಯಾರು ಕೇಳಿದ್ರು?"

"ಹೋದ ಸಲ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈ ಸಲ ಕೇಳದೆಯೇ ಹೇಳ್ತಿದ್ದೀನಿ. ಇನ್ನೂ ಎಂಟು ದಿನ ಇದೆ. ಕೊನೇ ಬಾಟಲಿ ಮುಗಿಯೋವರೆಗೆ ಇವರು ಈ ಮಂಚದಿಂದ ಕೆಳಗಿಳಿಯಲ್ಲ. ಎಬ್ಬಿಸಬೇಕು ಅಂದ್ರೆ ಮೊದಲು ನನ್ನನ್ನ ಎಬ್ಬಿಸಿ." ಹಾಗೆಂದವಳೇ ನೆಲದ ಮೇಲೆ, ಮಂಚದ ಕಾಲಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು.

ಭಾವ ನನ್ನ ಕಡೆ ತಿರುಗಿದರು. "ನೋಡು ನಿನ್ನ ಶಿಷ್ಯೆಯನ್ನ!"

ನನ್ನ ಕೈಯಲ್ಲಿ ಒರೆಸುವ ಕೋಲಿತ್ತು. ಅದನ್ನು ಗೋಡೆಗೆ ಒರಗಿಸಿದೆ. "ಅವಳು ಹೇಳೋದು ಸರಿ ಭಾವ. ಹೋದ ಸಲ ನಾನು ಬಾಯಿ ಬಿಡ್ಬೇಕಿತ್ತು. ಬಿಡಲಿಲ್ಲ."

"ನನ್ನ ಹನ್ನೊಂದು ಗಾಯ..."

"ವಾಸಿಯಾದವರು ಕೈ ತೋರಿಸ್ತಾರೆ ಭಾವ. ಆಗದವರು ತೋರಿಸೋಕೆ ಎಲ್ಲಿಂದ ಬರ್ಬೇಕು?"

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕೆಳಗೆ ಕೂತಿದ್ದ ಸೊಸೆ ತಲೆಯೆತ್ತಿದಳು. ದನಿ ಏರಿಸಲಿಲ್ಲ.

"ಮಾವ, ಒಂದು ಕೇಳ್ತೀನಿ. ನಿಮ್ಮ ತಮ್ಮ ಜ್ವರದಲ್ಲಿ ಹೋದ್ರು ಅಂತೀರಿ. ಮೀಸೆ ಮಾವನ ಅಣ್ಣ ಜ್ವರದಲ್ಲಿ ಹೋದ್ರು. ಮೂಲೆ ಅಂಗಡಿಯವರ ಮಗನೂ ಜ್ವರದಲ್ಲೇ. ನಾನು ಈ ಬೀದಿಗೆ ಬಂದ ಮೇಲೆ ಕೇಳಿದ್ದೆಲ್ಲ ಜ್ವರವೇ. ನಿಮ್ಮ ತಮ್ಮನಿಗೆ ಜ್ವರ ಬರೋಕೆ ಮುಂಚೆ ಏನಾಗಿತ್ತು?"

ಕತ್ತರಿ ಅಪ್ಪನ ಮುಖವನ್ನೇ ನೋಡುತ್ತಿದ್ದ. ಪಕ್ಕದ ಮಂಚದವನೂ ಕೆಮ್ಮು ತಡೆದುಕೊಂಡು ನೋಡುತ್ತಿದ್ದ. ಭಾವ ಸ್ಟೂಲಿಗಾಗಿ ಹಿಂದೆ ಕೈ ಚಾಚಿ ತಡಕಾಡಿದರು. ನಾನು ಅದನ್ನು ಹತ್ತಿರಕ್ಕೆ ತಳ್ಳಿದೆ. ಕೂತರು. ಬಹಳ ಹೊತ್ತು ಎಡಗಾಲಿನ ಪಾದವನ್ನು ಬಲಗಾಲಿನಿಂದ ಸವರುತ್ತಿದ್ದರು, ಅಲ್ಲೇ ನೋವಿದ್ದ ಹಾಗೆ.

"ಕಾಲು" ಎಂದರು ಕೊನೆಗೆ. "ಎಡಗಾಲು. ಉಳಿ ಬಿದ್ದಿತ್ತು. ಇಪ್ಪತ್ತಾರು ವರ್ಷ ಅವನಿಗೆ. ನಾನೇ ಹಚ್ಚಿದ್ದು." ಮತ್ತೆ ಹೇಳಿದರು, "ನಾನೇ ಹಚ್ಚಿದ್ದು."

ಸಿಸ್ಟರ್ ಬಂದು ಖಾಲಿಯಾದ ಬಾಟಲಿ ಇಳಿಸಿ ಹೊಸದು ಏರಿಸಿದಳು. ಭಾವ ಅದನ್ನು ಹನಿ ಹನಿಯಾಗಿ ಕೊನೆಯವರೆಗೂ ನೋಡಿ, ಎದ್ದು, ಮಗನ ಹಣೆ ಮುಟ್ಟಿ ಹೋದರು. ಮರುದಿನ ಬರುವಾಗ ಸೊಸೆಯ ಚಪ್ಪಲಿ ತಂದಿದ್ದರು.

ಹದಿನಾಲ್ಕು ದಿನ ಮುಗಿದವು. ಆಮೇಲಿನ ಮಾತ್ರೆಗಳನ್ನೂ ಸೊಸೆ ತಾನೇ ನುಂಗಿಸಿದಳು, ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದಳು. "ಕುದುರೆ ಕೊಳ್ಳೋಕೆ ಬಂದವರ ಹಾಗೆ" ಎಂದು ಕತ್ತರಿ ಗೊಣಗುತ್ತಿದ್ದ. ಅವರು ಮನೆಗೆ ಮರಳುವ ಹೊತ್ತಿಗೆ ಮಡಕೆ ಅಂಗಡಿಯಲ್ಲಿರಲಿಲ್ಲ. ಎಲ್ಲಿ ಹೋಯಿತೆಂದು ಭಾವ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದು ಇದ್ದ ಜಾಗದಲ್ಲಿ ಸೊಸೆ ಒಂದು ಸಾಬೂನು, ಒಗೆದು ಮಡಚಿದ ಬಟ್ಟೆ ಇಟ್ಟಿದ್ದಾಳೆ. ಈಗ ತೊಟ್ಟಿಯನ್ನು ವಾರಕ್ಕೊಮ್ಮೆ ತಳ ಕಾಣುವಂತೆ ತೊಳೆಯುತ್ತಾಳೆ. ಕಲ್ಲಿಗೆ ಅದರಿಂದ ಕೆಡುಕೇನೂ ಆಗಿಲ್ಲ.

ಇಡೀ ಬೀದಿ ಬದಲಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಆರು ಅಂಗಡಿಗಳಲ್ಲಿ ಮೂರು ಕೆಸರು ಬಿಟ್ಟಿವೆ. ಮೀಸೆ ಮಾವ ಈಗಲೂ ಹಚ್ಚುತ್ತಾನೆ, ಈಗಲೂ ಅಣಕಿಸುತ್ತಾನೆ. ಆದರೆ ಅವನ ಹೆಂಡತಿ ಹೋದ ತಿಂಗಳು ಮಗಳು ಬೆರಳು ಕೊಯ್ದುಕೊಂಡಾಗ ಅವಳನ್ನು ಹಿತ್ತಲ ಬಾಗಿಲಿನಿಂದ ನನ್ನ ಕೋಣೆಗೆ ಕರೆತಂದು, "ಅಕ್ಕಾ, ಸಾಬೂನು ಹಾಕಿ ತೊಳೆದ್ರೆ ಸಾಕಲ್ವಾ? ಅವರಿಗೆ ಹೇಳಬೇಡಿ" ಎಂದಳು. ತೊಳೆದು ಕಳಿಸಿದೆ. ಕೆಂಪು ಹರಡಿದರೆ ಪೆನ್ನಿನಲ್ಲಿ ಗೆರೆ ಎಳೆ, ದಾಟಿದರೆ ನನಗಾಗಿ ಕಾಯಬೇಡ, ಆಸ್ಪತ್ರೆಗೆ ಓಡು, ಬಾಟಲಿ ಏರಿಸಿದರೆ ಹೆದರಬೇಡ, ಜ್ವರ ಬಿಟ್ಟಿತೆಂದು ನಡುವೆ ಎದ್ದು ಬರಬೇಡ ಎಂದು ಹೇಳಿದೆ. ಓದುವ ನಿಮಗೂ ಇಷ್ಟೇ ಹೇಳುವುದು. ನಿಮ್ಮ ಮನೆಯಲ್ಲಿ ಹಚ್ಚುವುದು ಕೆಸರಲ್ಲದೆ ಬೇರೇನೋ ಇರಬಹುದು. ಹಿರಿಯರು ಹಚ್ಚಿದರೆಂಬ ಒಂದೇ ಕಾರಣಕ್ಕೆ ಅದನ್ನು ಬಾಯಿಬಿಟ್ಟ ಗಾಯದೊಳಗೆ ಬಿಡಬೇಡಿ.

ಕ್ಷೌರದ ಕತ್ತಿಗಳನ್ನು ಈಗ ಸೊಸೆ ಹಿಡಿಯುತ್ತಾಳೆ. ಕತ್ತರಿ ಪಕ್ಕದಲ್ಲಿ ಕೂತು ಎಲ್ಲಿ ಎಷ್ಟು ಒತ್ತಬೇಕೆಂದು ಹೇಳಿಕೊಡುತ್ತಾನೆ. ದೊಡ್ಡ ಮಚ್ಚುಗಳನ್ನು ಅವನೇ ಹಿಡಿಯುತ್ತಾನೆ, ಅಂಗೈಯಿಂದ ಒತ್ತಿ. ಅವನ ಜೀವ ಉಳಿಯಿತು, ತೋಳು ಉಳಿಯಿತು, ಬಲಗೈಯಲ್ಲಿ ಮೂರು ಬೆರಳು ಉಳಿದವು. ಹೋದದ್ದು ಎರಡು ಬೆರಳು, ನಾವೆಲ್ಲ ಸುಮ್ಮನಿದ್ದ ಆ ನಾಲ್ಕು ದಿನಗಳಿಗೆ.